ಹೊಸಬರ ಸಾಲು

ರಾಜಘಟ್ಟದ ತಾಯಿಯೊಬ್ಬಳು ಜ್ವರದ ಮಗುವನ್ನೆತ್ತಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿದ್ದಾಳೆಂದು ಭಾವಿಸಿರಿ. ಮೀಸೆ ಚಿಗುರದ ವಿದ್ಯಾರ್ಥಿಯೊಬ್ಬ ಬಂದು, ಎಷ್ಟು ದಿನದಿಂದ ಜ್ವರವೆಂದು ವಿಚಾರಿಸುತ್ತಾನೆ. ನನ್ನ ಮಗು ಇವನಿಗೆ ಪಾಠದ ವಸ್ತುವೇ ಎಂದು ಅವಳು ಅಳುಕಿದರೆ ತಪ್ಪೇನು? ಈ ಅಳುಕನ್ನು ಕಳೆಯುವ ದಾರಿಯೊಂದನ್ನು ಸಾವಿರ ವರ್ಷಗಳ ಹಿಂದೆಯೇ ಒಬ್ಬ ವೈದ್ಯರು ತೋರಿಸಿದ್ದರು.

ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅಲ್ ರಾಝಿಯವರು ಹುಟ್ಟಿದ್ದು ಸುಮಾರು ಕ್ರಿ.ಶ. 865ರಲ್ಲಿ, ಇಂದಿನ ತೆಹರಾನಿನ ಬಳಿಯ ರೈ ನಗರದಲ್ಲಿ. ವೈದ್ಯ ವಿದ್ಯೆಗೆ ಬಂದಾಗ ಅವರದು ಎಳೆಯ ವಯಸ್ಸೇನೂ ಅಲ್ಲ (ವಯಸ್ಸು ಮೀರಿತೆಂದು ಕೊರಗುವ ನಮ್ಮ ಯುವಕರು ಗಮನಿಸಲಿ). ಆದರೂ ರೈಯಲ್ಲಿ, ಅನಂತರ ಬಗ್ದಾದಿನಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದರು. ಸಿಡುಬು ಮತ್ತು ದಡಾರಗಳ ಲಕ್ಷಣಗಳನ್ನು ಬೇರ್ಪಡಿಸಿ ಗ್ರಂಥ ಬರೆದರು.

ಅವರು ಕಲಿಸುತ್ತಿದ್ದ ಬಗೆಯನ್ನು ಇಬ್ನುನ್ನದೀಮ್ ತಮ್ಮ 'ಅಲ್ ಫಿಹ್ರಿಸ್ತ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ರಾಝಿಯವರ ಮುಂದೆ ಅವರ ಶಿಷ್ಯರು, ಅವರ ಮುಂದೆ ಆ ಶಿಷ್ಯರ ಶಿಷ್ಯರು, ಅವರಿಂದಾಚೆ ಮತ್ತೆ ಬೇರೆ ವಿದ್ಯಾರ್ಥಿಗಳು, ಹೀಗೆ ಸಾಲಾಗಿ ಕೂರುತ್ತಿದ್ದರು. ಬಂದ ರೋಗಿ ತನ್ನ ಬಾಧೆಯನ್ನು ಮೊದಲು ಹೇಳಿಕೊಳ್ಳಬೇಕಾದುದು ಹೊರಗಿನ ಸಾಲಿನವರಿಗೆ. ಅವರಿಗೆ ತಿಳಿದರೆ ಸರಿ. ಇಲ್ಲವಾದರೆ ಒಳಗಿನ ಸಾಲಿಗೆ ದಾಟಿಸಬೇಕು. ಅಲ್ಲಿಯೂ ಬಗೆಹರಿಯದಿದ್ದರೆ ಕೊನೆಗೆ ರಾಝಿಯವರು ಮಾತನಾಡುತ್ತಿದ್ದರು. ಹೊಸಬನನ್ನು ರೋಗಿಯಿಂದ ದೂರವಿಡಲಿಲ್ಲ, ರೋಗಿಯನ್ನು ಅವನೊಬ್ಬನ ಕೈಗೆ ಬಿಡಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಆ ಹೊರಗಿನ ಸಾಲಿನವರು ಕಲಿಯುತ್ತಿದ್ದ ಮೊದಲ ಪಾಠ ಔಷಧದ್ದಲ್ಲ, ನನಗೆ ತಿಳಿಯದು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವುದು. ರಾಝಿಯವರು ಬಡವರಿಗೆ ಉದಾರಿಯಾಗಿದ್ದರೆಂದೂ ಅದೇ ಗ್ರಂಥ ಹೇಳುತ್ತದೆ.

ನಮ್ಮ ದೇಶದಲ್ಲಿ ಬಹುಕಾಲ ಎಂ.ಬಿ.ಬಿ.ಎಸ್. ಮೊದಲ ವರ್ಷವೆಂದರೆ ಅಂಗರಚನೆ, ಶರೀರಕ್ರಿಯೆ, ಜೀವರಸಾಯನಗಳೇ. ಶವದ ಪರಿಚಯ ಮೊದಲು, ರೋಗಿಯ ಪರಿಚಯ ಆಮೇಲೆ. 2019ರ ಪಠ್ಯಕ್ರಮವು ಮೊದಲ ವರ್ಷದಲ್ಲೇ ವಿದ್ಯಾರ್ಥಿಯನ್ನು ರೋಗಿಯ ಬಳಿಗೆ ತಂದಿತು. ಅನಂತರ ಹಳ್ಳಿಯ ಕುಟುಂಬಗಳನ್ನು ವಿದ್ಯಾರ್ಥಿಗಳು ದತ್ತು ಪಡೆದು ಅವರ ಆರೋಗ್ಯ ವಿಚಾರಿಸುವ ಕ್ರಮವೂ ಸೇರಿತು. ರಾಜಘಟ್ಟದಂತಹ ಊರಿನ ಹೊಸ್ತಿಲಿಗೂ ಹೊಸಬ ಬಂದಾನು. ಬಂದರೆ ಕೂರಿಸಿ ಮಾತನಾಡಿಸಿರಿ. ಆದರೆ ನಿನ್ನ ಹಿಂದಿನ ಸಾಲಿನಲ್ಲಿ ಯಾರಿದ್ದಾರಪ್ಪಾ ಎಂದು ಕೇಳಲು ಸಂಕೋಚಪಡಬೇಡಿರಿ. ಬೇಡವೆನ್ನುವ ಹಕ್ಕೂ ನಿಮ್ಮದೇ.

ರಾಝಿಯವರ ಕಣ್ಣು ಕೊನೆಗಾಲದಲ್ಲಿ ಕಾಣದಾಯಿತು. ಸುಮಾರು 925ರಲ್ಲಿ ತೀರಿಕೊಂಡಾಗ ಅವರ ಟಿಪ್ಪಣಿಗಳು ಬಿಡಿ ಹಾಳೆಗಳಾಗಿಯೇ ಉಳಿದಿದ್ದವು. ಇಬ್ನುಲ್ ಅಮೀದ್ ಎಂಬ ಮಂತ್ರಿ ಅವನ್ನು ರಾಝಿಯವರ ಸಹೋದರಿಯಿಂದ ಪಡೆದು, ಶಿಷ್ಯರನ್ನು ಕರೆಸಿ ಕ್ರಮಪಡಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. 'ಅಲ್ ಹಾವೀ' ಎಂಬ ಬೃಹತ್ ಗ್ರಂಥ ರೂಪುಗೊಂಡದ್ದು ಹೀಗೆ.