ನೆಲಹಾಸಿನ ಹಲಗೆ ಸುಟ್ಟು ಬಿಳಿಯ ಮೆರುಗನ್ನು ಹುಡುಕಿದ ಪಲಿಸ್ಸಿ

ಅಡುಗೆಮನೆಯ ಉಪ್ಪಿನಕಾಯಿ ಜಾಡಿಯ ಮೈ ಹೊಳೆಯುವುದು ಅದರ ಮೇಲೆ ಕರಗಿ ಬೆಸೆದುಕೊಂಡ ತೆಳುವಾದ ಗಾಜಿನ ಪದರದಿಂದ. ಮಣ್ಣಿಗೆ ಗಾಜನ್ನು ಬೆಸೆಯುವುದು ಇಂದು ಯಾವ ಪಿಂಗಾಣಿ ಕಾರ್ಖಾನೆಗೂ ದಿನನಿತ್ಯದ ಕೆಲಸ. ಮನೆಯಲ್ಲಿಯೇ ಪುಟ್ಟ ವಿದ್ಯುತ್ ಕುಲುಮೆ ಇಟ್ಟುಕೊಂಡು ಬಣ್ಣದ ಗಾಜುಗಳನ್ನು ಬೆಸೆಯುವ ಹವ್ಯಾಸಿಗಳೂ ಇದ್ದಾರೆ. ಒಳಗಿನ ಶಾಖ ಎಷ್ಟೆಂಬುದು ಅವರಿಗೆ ಅಂಕಿಗಳಲ್ಲಿ ಕಾಣುತ್ತದೆ. ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಫ್ರಾನ್ಸಿನ ಸ್ಯಾಂತ್ ಪಟ್ಟಣದಲ್ಲಿ ಇದೇ ಕೆಲಸಕ್ಕೆ ಕೈಹಾಕಿದ ಬರ್ನಾರ್ಡ್ ಪಲಿಸ್ಸಿಗೆ ಇದ್ದದ್ದು ತನ್ನ ಕೈಯಾರೆ ಕಟ್ಟಿದ ಇಟ್ಟಿಗೆಯ ಆವಿಗೆ ಮತ್ತು ಎರಡು ಕಣ್ಣುಗಳು ಮಾತ್ರ.

1510ರ ಸುಮಾರಿಗೆ ಜನಿಸಿದ ಪಲಿಸ್ಸಿಯ ಮೂಲ ಕಸುಬು ಗಾಜಿನ ಮೇಲೆ ಚಿತ್ರ ಬರೆಯುವುದು. ಚರ್ಚುಗಳ ಕಿಟಕಿಗಾಜಿಗೆ ಬಣ್ಣ ಹಚ್ಚಿ, ಶಾಖ ಕೊಟ್ಟು, ಬಣ್ಣವು ಗಾಜಿನಲ್ಲೇ ಬೆರೆಯುವಂತೆ ಮಾಡುವ ವಿದ್ಯೆ ಆತನಿಗೆ ಸಿದ್ಧಿಸಿತ್ತು. ಜೊತೆಗೆ ಭೂಮಾಪನವೂ ತಿಳಿದಿತ್ತು. ಲ್ಯಾಟಿನ್, ಗ್ರೀಕ್ ಬರುತ್ತಿರಲಿಲ್ಲ. ಊರೂರು ಅಲೆದು, 1539ರ ಹೊತ್ತಿಗೆ ಸ್ಯಾಂತ್‌ನಲ್ಲಿ ಸಂಸಾರ ಹೂಡಿದ. ಗಾಜಿನ ಚಿತ್ರಗಳಿಗೆ ಬೇಡಿಕೆ ಇಳಿಯುತ್ತಿದ್ದ ಕಾಲವದು.

ಆಗ ಯಾರೋ ಆತನಿಗೆ ಒಂದು ಬಟ್ಟಲನ್ನು ತೋರಿಸಿದರು. ಮಣ್ಣಿನಿಂದ ಮಾಡಿ, ಎನಾಮಲ್ ಮೆರುಗು ಕೊಟ್ಟ ಬಟ್ಟಲು. ಅದು ಇಟಲಿಯದೋ, ಚೀನಾದಿಂದ ಬಂದದ್ದೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ಮುಗಿದಿಲ್ಲ. ಅಂಥದೊಂದನ್ನು ತಾನೂ ಮಾಡಬೇಕೆಂಬ ಹಟ ಪಲಿಸ್ಸಿಯನ್ನು ಹಿಡಿಯಿತು. ಮಣ್ಣಿನ ಗುಣ ಆತನಿಗೆ ಗೊತ್ತಿರಲಿಲ್ಲ. ಕುಂಬಾರಿಕೆಯನ್ನು ಕಲಿತವನೂ ಅಲ್ಲ. ಆದರೆ ಬಿಳಿಯ ಎನಾಮಲ್ ಕೈಗೆ ಸಿಕ್ಕರೆ ಉಳಿದ ಬಣ್ಣಗಳೆಲ್ಲ ಅದರ ಮೇಲೆ ಕೂರುತ್ತವೆ ಎಂಬ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಪ್ರಯೋಗದ ಕ್ರಮ ಸರಳ. ಮಡಕೆಗಳನ್ನು ಕೊಂಡು ಒಡೆಯುವುದು, ತೋಚಿದ ಲೋಹ, ಖನಿಜಗಳನ್ನು ಅರೆದು ಚೂರುಗಳ ಮೇಲೆ ಬಳಿಯುವುದು, ಪ್ರತಿ ಚೂರಿಗೂ ಗುರುತು ಹಾಕಿ ಮನೆಯ ಆವಿಗೆಯಲ್ಲಿ ಸುಡುವುದು. ಒಂದೂ ಕರಗಲಿಲ್ಲ. ಬಳಿಕ ಒಂದೂವರೆ ಹರದಾರಿ ದೂರದ ಕುಂಬಾರರ ಆವಿಗೆಗೆ ನೂರಾರು ಚೂರುಗಳನ್ನು ಕಳುಹಿಸಿದ. ಅಲ್ಲಿಯೂ ಸೋಲು. ಕಾರಣವನ್ನು ಆತ ತಡವಾಗಿ ಗ್ರಹಿಸಿದ: ಕುಂಬಾರರ ಬೆಂಕಿ ಆ ಮಿಶ್ರಣಗಳಿಗೆ ಸಾಲುತ್ತಿರಲಿಲ್ಲ.

1543ರ ಸುಮಾರಿಗೆ ಉಪ್ಪಿನ ಮೇಲೆ ತೆರಿಗೆ ಹೇರಲು ಬಂದ ರಾಜನ ಅಧಿಕಾರಿಗಳು ಆ ಪ್ರಾಂತ್ಯದ ಉಪ್ಪಿನ ಆಗರಗಳನ್ನು ಅಳೆಯುವ ಕೆಲಸವನ್ನು ಪಲಿಸ್ಸಿಗೆ ವಹಿಸಿದರು. ಕೈಗೆ ಹಣ ಬಂತು. ಹಣ ಬಂದೊಡನೆ ಮೂರು ಡಜನ್ ಹೊಸ ಮಡಕೆಗಳೂ ಬಂದು ಚೂರಾದವು. ಈ ಬಾರಿ ಚೂರುಗಳು ಹೋದದ್ದು ಗಾಜು ತಯಾರಕರ ಕುಲುಮೆಗೆ. ಕೆಲವು ಮಿಶ್ರಣಗಳು ಕರಗತೊಡಗಿದ್ದವು. ಮತ್ತೆರಡು ವರ್ಷ ಹೀಗೆಯೇ ಕಳೆದ ಮೇಲೆ, ಇನ್ನು ಇದೇ ಕೊನೆಯದೆಂದು ಮುನ್ನೂರಕ್ಕೂ ಹೆಚ್ಚು ಬಗೆಯ ಮಿಶ್ರಣಗಳನ್ನು ಒಮ್ಮೆಗೇ ಕಳುಹಿಸಿದ. ನಾಲ್ಕು ತಾಸಿನಲ್ಲಿ ಒಂದೇ ಒಂದು ಚೂರು ಕರಗಿ, ಆರಿದ ಮೇಲೆ ಬೆಳ್ಳಗೆ ನುಣುಪಾಗಿ ಹೊಳೆಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಚೂರಿನ ಮೇಲೆ ಒಲಿದದ್ದು ಪಾತ್ರೆಯ ಮೇಲೆ ಒಲಿಯುವುದಿಲ್ಲ ಎಂಬುದು ಪಲಿಸ್ಸಿಗೆ ಆಮೇಲೆ ತಿಳಿಯಿತು.

ಗಾಜಿನ ಕುಲುಮೆಯ ಮಾದರಿಯಲ್ಲಿ ಮನೆಯಲ್ಲೇ ಹೊಸ ಆವಿಗೆ ಕಟ್ಟಲು ನಿಂತ. ಇಟ್ಟಿಗೆ ಹೊರಲು, ಗಾರೆ ಕಲಸಲು ಆಳು ಇಡುವ ಶಕ್ತಿಯಿರಲಿಲ್ಲ. ಪಾತ್ರೆಗಳನ್ನು ಮಾಡಿ ಒಮ್ಮೆ ಬೇಯಿಸಿ, ಒಂದು ತಿಂಗಳಿಗೂ ಮೀರಿ ಹಗಲಿರುಳು ಎನಾಮಲ್ ಅರೆದು, ಬಳಿದು, ಬೆಂಕಿ ಹಚ್ಚಿದ. ಆರು ಹಗಲು, ಆರು ರಾತ್ರಿ ಎರಡೂ ಬಾಯಿಗಳಿಂದ ಸೌದೆ ತುಂಬಿದರೂ ಎನಾಮಲ್ ಕರಗಲಿಲ್ಲ. ಕರಗಿಸುವ ದ್ರವ್ಯ ಕಡಿಮೆಯಾಗಿದೆಯೆಂದು ಊಹಿಸಿ, ಆವಿಗೆಯನ್ನು ಆರಗೊಡದೆ ಮತ್ತೊಮ್ಮೆ ಅರೆದು, ಬೇರೆ ಮಡಕೆಗಳನ್ನು ಕೊಂಡುತಂದು ಬಳಿದಿಟ್ಟ. ಅಷ್ಟರಲ್ಲಿ ಸೌದೆ ಮುಗಿಯಿತು. ತೋಟದ ಆಸರೆ ಗೂಟಗಳು ಒಲೆಗೆ ಹೋದವು. ಅದೂ ಸಾಲದಾದಾಗ ಮನೆಯ ಮೇಜುಗಳು, ಕೊನೆಗೆ ನೆಲಕ್ಕೆ ಹಾಸಿದ ಹಲಗೆಗಳು. ಎರಡನೆಯ ಮಿಶ್ರಣ ಕರಗಿತು.

ಮನೆಗೆ ಬೆಂಕಿಯಿಟ್ಟನೆಂದು ಊರೆಲ್ಲ ಸುದ್ದಿಯಾಯಿತು. ಖೋಟಾ ನಾಣ್ಯ ಹಾಕುತ್ತಿದ್ದಾನೆಂಬ ಗುಸುಗುಸು ಬೇರೆ. ಸಾಲಗಾರನೂ ಆಗಿದ್ದ. ಕೆಲಸಕ್ಕಿಟ್ಟುಕೊಂಡ ಕುಂಬಾರನಿಗೆ ಆರು ತಿಂಗಳ ಬಳಿಕ ಕೂಲಿ ಕೊಡಲು ಹಣವಿಲ್ಲದೆ ತನ್ನ ಬಟ್ಟೆಗಳನ್ನೇ ಕೊಟ್ಟ. ಮುಂದಿನ ಆವಿಗೆಯದು ಇನ್ನೊಂದು ಪಾಡು. ಗಾರೆಯಲ್ಲಿ ಬೆರೆತಿದ್ದ ಚಕಮಕಿ ಕಲ್ಲುಗಳು ಶಾಖಕ್ಕೆ ಸಿಡಿದು, ಕರಗಿದ ಎನಾಮಲ್‌ನಲ್ಲಿ ಸಿಕ್ಕಿಕೊಂಡವು. ಮೆರುಗು ಚೆನ್ನಾಗಿಯೇ ಬಂದಿತ್ತು. ಮುಟ್ಟಿದರೆ ಕೈ ಕೊಯ್ಯುತ್ತಿತ್ತು. ಅಗ್ಗಕ್ಕೆ ಕೊಳ್ಳಲು ಜನ ಮುಂದೆ ಬಂದರೂ ತನ್ನ ಹೆಸರಿಗೆ ಕುಂದೆಂದು ಎಲ್ಲವನ್ನೂ ಒಡೆದು ಹಾಕಿದ. ಮತ್ತೊಮ್ಮೆ ಬೂದಿ ಹಾರಿ ಮೆರುಗಿಗೆ ಅಂಟಿತು. ಅದಕ್ಕೆ ಪರಿಹಾರವಾಗಿ ಪಾತ್ರೆಗಳನ್ನು ಮಣ್ಣಿನ ಗೂಡುಗಳೊಳಗಿಟ್ಟು ಸುಡುವ ಉಪಾಯ ಮಾಡಿಕೊಂಡ. ಒಂದೊಂದು ಬಣ್ಣ ಕರಗುವ ಶಾಖ ಒಂದೊಂದು ಬಗೆಯದಾಗಿ, ಬಿಳಿ ಕರಗುವ ಮೊದಲೇ ಹಸಿರು ಸುಟ್ಟುಹೋಗುತ್ತಿತ್ತು. ಆವಿಗೆಯ ಶಾಖವನ್ನು ಅಳೆಯುವ ಸಾಧನವನ್ನು ಇಂಗ್ಲೆಂಡಿನ ಜೋಸಯ ವೆಜ್‌ವುಡ್ ರೂಪಿಸಿದ್ದು 1782ರಲ್ಲಿ, ಪಲಿಸ್ಸಿ ಸತ್ತು ಸುಮಾರು 200 ವರ್ಷಗಳ ನಂತರ.

ಇವೆಲ್ಲಕ್ಕೂ ಇರುವ ಸಾಕ್ಷಿ ಒಬ್ಬನೇ: ಪಲಿಸ್ಸಿ. 1580ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಶಕಗಳ ಹಿಂದಿನ ಕಷ್ಟಗಳನ್ನು ಇಳಿವಯಸ್ಸಿನಲ್ಲಿ ಆತನೇ ನೆನೆದು ಬರೆದದ್ದಿದು. ಆದ್ದರಿಂದ ಒಂದಿಷ್ಟು ಎಚ್ಚರದಿಂದ ಓದಬೇಕು. ಮನೆಯಲ್ಲಿ ಬೈಗುಳವೇ ಸಿಕ್ಕಿತೆಂದು ಆತ ದೂರುತ್ತಾನೆ. ಮಕ್ಕಳನ್ನು ಸಾಕಲು ಕಾಸಿಲ್ಲದಾಗ ಕಾಲಡಿಯ ಹಲಗೆ ಉರಿಯುವುದನ್ನು ಕಂಡ ಹೆಂಡತಿ ಬೇರೇನು ಮಾಡಬೇಕಿತ್ತು? ಆ ವೃತ್ತಾಂತದಲ್ಲಿ ಆಕೆಗೆ ಹೆಸರೂ ಇಲ್ಲ.

ಇನ್ನೂ ಕಟುವಾದ ಸಂಗತಿಯೊಂದಿದೆ. ಪಲಿಸ್ಸಿ ಮನೆ ಸುಟ್ಟು ಹುಡುಕಿದ ಬಿಳಿಯ ಎನಾಮಲ್ ಆಗ ರಹಸ್ಯವೇನಾಗಿರಲಿಲ್ಲ. ಸೀಸದ ಗಾಜಿಗೆ ತವರದ ಭಸ್ಮ ಸೇರಿಸಿದರೆ ಅದರ ಸೂಕ್ಷ್ಮ ಕಣಗಳು ಕರಗದೆ ಉಳಿದು ಬೆಳಕನ್ನು ಚದುರಿಸುತ್ತವೆ. ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ. ಇದು ಇಟಲಿಯ ಕುಂಬಾರರಿಗೆ ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನಲ್ಲಿಯೇ ರುವಾನ್ ನಗರದ ಮಾಸೆಯೊ ಅಬಾಕೆನ್ ಎಂಬ ಕುಶಲಕರ್ಮಿ 1542ರಲ್ಲಿ ಎಕುವಾನ್ ಅರಮನೆಗೆ ಇದೇ ಬಗೆಯ ಮೆರುಗಿನ ನೆಲಹಾಸು ಬಿಲ್ಲೆಗಳನ್ನು ಮಾಡಿದ್ದ. ಆದರೆ ಕಸುಬಿನ ಗುಟ್ಟು ಕುಟುಂಬ, ಕಾರ್ಯಾಗಾರಗಳ ಗೋಡೆ ದಾಟುತ್ತಿರಲಿಲ್ಲ. ಪಲಿಸ್ಸಿಯೂ ಆ ವಿಷಯದಲ್ಲಿ ಭಿನ್ನನಲ್ಲ. ತನ್ನ ಗ್ರಂಥದಲ್ಲಿ ತವರ, ಸೀಸ, ತಾಮ್ರ, ಕಬ್ಬಿಣ, ಆಂಟಿಮನಿ, ಮರಳು ಎಂದು ದ್ರವ್ಯಗಳನ್ನು ಹೆಸರಿಸಿದ. ಯಾವುದು ಎಷ್ಟು ಎಂಬುದನ್ನು ಹೇಳಲಿಲ್ಲ.

ಎಕುವಾನ್ ಅರಮನೆಯ ಒಡೆಯ, ಸೇನಾಧಿಪತಿ ಆನ್ ದ ಮೊಂಮೊರಾನ್ಸಿಯೇ ಪಲಿಸ್ಸಿಯ ಆಶ್ರಯದಾತನೂ ಆದದ್ದು ವಿಚಿತ್ರ. ಬಿಳಿಯ ಬಿಲ್ಲೆಗಳನ್ನು ಬೇರೊಬ್ಬನಿಂದ ಮಾಡಿಸಿದ್ದ ಆತ ಪಲಿಸ್ಸಿಯಲ್ಲಿ ಮೆಚ್ಚಿದ್ದು ಬೇರೆಯದನ್ನೇ: ಹಾವು, ಹಲ್ಲಿ, ಕಪ್ಪೆ, ಮೀನು, ಜರೀಗಿಡದ ಎಲೆಗಳಿಂದ ನೇರವಾಗಿ ಅಚ್ಚು ತೆಗೆದು, ಮಣ್ಣಿನಲ್ಲಿ ಎರಕ ಹೊಯ್ದು, ಮೆರುಗು ಕೊಟ್ಟ ತಟ್ಟೆಗಳು. 1550ರ ದಶಕದಲ್ಲಿ ಒಂದು ಕೃತಕ ಗುಹೆಯನ್ನೂ ಮಾಡಿಕೊಡಲು ಹೇಳಿದ.

ಈ ಆಶ್ರಯ ಜೀವವನ್ನೂ ಉಳಿಸಿತು. ಪಲಿಸ್ಸಿ ಪ್ರಾಟೆಸ್ಟಂಟ್ ಮತಕ್ಕೆ ಸೇರಿದ್ದ. 1560ರ ದಶಕದ ಆರಂಭದಲ್ಲಿ ಬಂಧಿತನಾದಾಗ ರಾಜಮಾತೆ ಕ್ಯಾಥರಿನ್ ದ ಮೆಡಿಚಿಯವರೆಗೂ ಮಾತು ಹೋಗಿ ಬಿಡುಗಡೆಯಾಯಿತು. ಅರಸನ ಕುಶಲಕರ್ಮಿ ಎಂಬ ಬಿರುದೂ ದೊರೆಯಿತು. ಬಳಿಕ ಪ್ಯಾರಿಸಿನಲ್ಲಿ ಕ್ಯಾಥರಿನ್ ಕಟ್ಟಿಸುತ್ತಿದ್ದ ಟ್ವೀಲರೀಸ್ ಅರಮನೆಯ ಆವರಣದಲ್ಲಿಯೇ ಆವಿಗೆ ಹೂಡಿದ. 1575ರಿಂದ ಹಣ ಪಡೆದು ಸಾರ್ವಜನಿಕ ಉಪನ್ಯಾಸಗಳನ್ನು ಕೊಟ್ಟ. ತಾನು ಹೇಳಿದ್ದು ಸುಳ್ಳೆಂದು ಸಾಧಿಸಿದವರಿಗೆ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಸಾರಿದ್ದ. ಶಸ್ತ್ರವೈದ್ಯ ಆಂಬ್ರ್ವಾಸ್ ಪರೆಯಂಥವರು ಕೇಳುಗರಾಗಿದ್ದರು. ಕಲ್ಲಿನಲ್ಲಿ ಸಿಗುವ ಚಿಪ್ಪುಗಳು ಒಂದು ಕಾಲದ ಜೀವಿಗಳದ್ದೆಂದೂ ಚಿಲುಮೆಗಳ ನೀರು ಮಳೆಯದ್ದೆಂದೂ ಆತ ವಾದಿಸಿದ್ದು ಸರಿಯಾಗಿತ್ತು.

ಧರ್ಮಯುದ್ಧ ಮತ್ತೆ ಭುಗಿಲೆದ್ದಾಗ ಕಾಯುವವರು ಉಳಿದಿರಲಿಲ್ಲ. ಮತ ಬಿಡಲೊಪ್ಪದ ವೃದ್ಧನನ್ನು ಬ್ಯಾಸ್ಟೀಲ್ ಸೆರೆಮನೆಗೆ ದೂಡಲಾಯಿತು. ಸುಮಾರು 80ನೇ ವಯಸ್ಸಿನಲ್ಲಿ, 1590ರ ಹೊತ್ತಿಗೆ, ಕೊರತೆ ಮತ್ತು ಹಿಂಸೆಯಿಂದ ಅಲ್ಲಿಯೇ ತೀರಿಕೊಂಡನೆಂದು ಗೆಳೆಯ ಪಿಯೆರ್ ದ ಲೆತ್ವಾಲ್ ದಿನಚರಿಯಲ್ಲಿ ದಾಖಲಿಸಿದ್ದಾನೆ. ಸಾಯುವ ಮುನ್ನ ಪಲಿಸ್ಸಿ ಆತನಿಗೆ ತನ್ನ ಸಂಗ್ರಹದ ಒಂದು ಕಲ್ಲನ್ನು ಕೊಟ್ಟಿದ್ದ.

ಆತನ ಹೆಸರಿನಲ್ಲಿ ವಸ್ತುಸಂಗ್ರಹಾಲಯಗಳಲ್ಲಿರುವ ಹಾವು, ಮೀನಿನ ತಟ್ಟೆಗಳಲ್ಲಿ ಬಹಳಷ್ಟು ಅನುಯಾಯಿಗಳು, ಅನುಕರಿಸಿದವರು ಮಾಡಿದಂಥವು. ಆದರೆ 1980ರ ದಶಕದಲ್ಲಿ ಲೂವ್ರ್ ವಸ್ತುಸಂಗ್ರಹಾಲಯದ ವಿಸ್ತರಣೆಗಾಗಿ ನೆಲ ಅಗೆದಾಗ ಆತನ ಪ್ಯಾರಿಸ್ ಕಾರ್ಯಾಗಾರದ ಅವಶೇಷಗಳು, ಅಚ್ಚುಗಳು, ಕೆಟ್ಟುಹೋದ ತುಣುಕುಗಳು ಹೊರಬಂದವು. ಅವುಗಳ ಮೆರುಗನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ. ಹೆಚ್ಚಿನವು ತಾಮ್ರ, ಕಬ್ಬಿಣ, ಕೋಬಾಲ್ಟ್ ಬೆರೆತ, ಸೀಸದ ಪಾರದರ್ಶಕ ಗಾಜು. ಸ್ಯಾಂತ್‌ನ ಮನೆಯ ನೆಲ ಉರಿದದ್ದು ಯಾವುದಕ್ಕಾಗಿಯೋ ಆ ತವರದ ಬಿಳಿಯ ಪಾಲು ಅವುಗಳಲ್ಲಿ ಕಡಿಮೆಯೇ.