ಪದಗಳ ಬೆನ್ನು ಹತ್ತಿದ ಕಿಟೆಲ್

ಜರ್ಮನಿಯ ಸ್ಟಟ್‌ಗಾರ್ಟ್ ಸುತ್ತಮುತ್ತ ಕೆಲಸಕ್ಕಿರುವ ನಮ್ಮವರು ಸಾಕಷ್ಟು ಮಂದಿ. ರಜೆಗೆಂದು ಊರಿನಿಂದ ಹೋಗುವ ಅಪ್ಪ ಅಮ್ಮಂದಿರಿಗೆ ಮಕ್ಕಳು ಕಾರು ಮ್ಯೂಸಿಯಂ, ಅರಮನೆ, ಕಾಡು ಎಲ್ಲವನ್ನೂ ತೋರಿಸುತ್ತಾರೆ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಕ್ಷಿಣಕ್ಕೆ ಹೋದರೆ ನೆಕಾರ್ ನದಿಯ ದಡದಲ್ಲಿ ಟ್ಯೂಬಿಂಗನ್ ಎಂಬ ಹಳೆಯ ವಿಶ್ವವಿದ್ಯಾಲಯದ ಊರಿದೆ. ಆ ಊರಿನ ಮೇಲೆ ಕನ್ನಡದವರಿಗೂ ಒಂದಿಷ್ಟು ಹಕ್ಕಿದೆ ಎಂದೇ ನಾವು ಭಾವಿಸುತ್ತೇವೆ. ಫರ್ಡಿನೆಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ.

ಕಿಟೆಲ್ ಎಂದರೆ ನಿಘಂಟು, ನಿಘಂಟು ಎಂದರೆ ಕಿಟೆಲ್. ಅಷ್ಟು ನಮಗೆಲ್ಲ ಗೊತ್ತು. ಆದರೆ ಅವರು ನಿಘಂಟು ಬರೆಯಲೆಂದು ಇತ್ತ ಬಂದವರಲ್ಲ.

1832ರಲ್ಲಿ ಉತ್ತರ ಜರ್ಮನಿಯ ಕಡಲ ತೀರದ ಓಸ್ಟ್‌ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಕಾಕತಾಳೀಯ ನೋಡಿ, ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಅದೇ ವರ್ಷ. ಶಾಲೆಯಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳ ರುಚಿ ಹತ್ತಿತು. ಬಾಸೆಲ್ ಮಿಷನ್ ಸೇರಿ ತರಬೇತಿ ಮುಗಿಸಿ 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಕನ್ನಡ ನಾಡಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಊರೂರು ತಿರುಗಿದರು. ಜನರ ನಡುವೆ ಬೆರೆತು ಅವರಂತೆಯೇ ಬದುಕಬೇಕೆಂಬ ಆಸೆ ಅವರದು. ಮಿಷನ್ನಿನ ಹಿರಿಯರಿಗೆ ಅದು ಹಿಡಿಸಲಿಲ್ಲ. ಕೆಲಸದಲ್ಲಿ ಅವರನ್ನು ಬದಿಗೆ ಸರಿಸಿದ ಕಾಲವೂ ಇತ್ತು. ಪರದೇಶಕ್ಕೆ ಬಂದು, ಬಂದ ಕೆಲಸದಲ್ಲೂ ನೆಲೆ ನಿಲ್ಲದವನ ಕಷ್ಟ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಬರೆಯುವ ಹಂಬಲ ಮಾತ್ರ ಮೊದಲಿನಿಂದಲೂ ಇತ್ತು. ಏನು ಬರೆಯಬೇಕೆಂಬುದು ಇನ್ನೂ ಗಟ್ಟಿಯಾಗಿರಲಿಲ್ಲ. 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೊಸೆದು 'ಕಥಾಮಾಲೆ' ಎಂಬ ಕಾವ್ಯ ಪ್ರಕಟಿಸಿದರು. ಕಲಿತ ಭಾಷೆಯೊಂದರಲ್ಲಿ, ಬಂದು ಒಂಬತ್ತೇ ವರ್ಷಕ್ಕೆ, ಮಾತ್ರೆ ಎಣಿಸಿ ಪದ್ಯ ಕಟ್ಟುವುದು ಸಾಮಾನ್ಯ ಕೆಲಸವಲ್ಲ. ಆದರೂ ಕವಿ ಕಿಟೆಲ್ ಇಂದು ಯಾರ ನೆನಪಿನಲ್ಲೂ ಇಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಹೆಂಡತಿ ಪೌಲಿನೆ ತೀರಿಕೊಂಡರು. ಮದುವೆಯಾಗಿ ನಾಲ್ಕೇ ವರ್ಷ. ಮುಂದೆ ಆಕೆಯ ತಂಗಿ ಜೂಲಿಯನ್ನು ವರಿಸಿದರು.

ಅವರ ಬರವಣಿಗೆಗೆ ಗುರಿ ಸಿಕ್ಕಿದ್ದು ಹಳಗನ್ನಡದ ಓಲೆಗರಿಗಳ ನಡುವೆ. ಪದ್ಯ ಬರೆಯಬೇಕಾದರೆ ಪದ ಬೇಕು, ಪದ ತಿಳಿಯಬೇಕಾದರೆ ಅದರ ಬೇರು ತಿಳಿಯಬೇಕು. ಹೀಗೆ ಹುಡುಕುತ್ತ ಹೋದವರು ಹದಿಮೂರನೆಯ ಶತಮಾನದ ಕೇಶಿರಾಜನ ಕೈಗೆ ಸಿಕ್ಕಿಬಿದ್ದರು ಎನ್ನಬೇಕು. 1872ರಲ್ಲಿ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಹೊರತಂದು, ಜೊತೆಗೆ ಕನ್ನಡ ಸಾಹಿತ್ಯದ ಬಗ್ಗೆ ಪ್ರಬಂಧವೊಂದನ್ನೂ ಸೇರಿಸಿದರು. ಸಂಸ್ಕೃತ ನಿಘಂಟುಗಳಲ್ಲಿ ಸೇರಿಹೋಗಿರುವ ದ್ರಾವಿಡ ಪದಗಳ ಬಗ್ಗೆ ಲೇಖನ ಬರೆದದ್ದೂ ಈ ದಿನಗಳಲ್ಲೇ. ಎಲ್ಲವೂ ಅತ್ತಲಿಂದಲೇ ಬಂದದ್ದು ಎಂದು ನಂಬಿದ್ದ ಕಾಲದಲ್ಲಿ, ಇತ್ತಲಿಂದಲೂ ಅಲ್ಲಿಗೆ ಹೋಗಿದೆ ಎಂದು ಪದಗಳನ್ನು ಮುಂದಿಟ್ಟು ತೋರಿಸಿದರು.

ನಿಘಂಟಿನ ಕೆಲಸ ಹಿಡಿದದ್ದು 1870ರ ದಶಕದ ಆರಂಭದಲ್ಲಿ. ಮುಗಿಯುವುದಕ್ಕೆ ಎರಡು ದಶಕ ಬೇಕಾಯಿತು. ಹಿಂದಿನವರ ಪುಸ್ತಕವನ್ನೇ ಒಂದಿಷ್ಟು ಹಿಗ್ಗಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹಳೆಯ ಕಾವ್ಯ, ವ್ಯಾಕರಣ, ಹಳ್ಳಿಯವರ ಗಾದೆ, ಎಲ್ಲವನ್ನೂ ಜಾಲಾಡಿದರು. ಕನ್ನಡ ಪಂಡಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ಪದಕ್ಕೆ ಅರ್ಥ ಕೊಟ್ಟರೆ ಸಾಲದು, ಅದು ಎಲ್ಲಿ ಬಳಕೆಯಾಗಿದೆ ಎಂದು ತೋರಿಸಬೇಕು, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ನೆಂಟರು ಯಾರೆಂದೂ ಹೇಳಬೇಕು ಎಂಬುದು ಅವರ ಹಟ.

ಒಂದು ಉದಾಹರಣೆ ಸಾಕು. ಬದುಕು ಎಂಬ ಅರ್ಥದ ಬಾಳು, ಕತ್ತಿ ಎಂಬ ಅರ್ಥದ ಬಾಳು, ಇವೆರಡನ್ನೂ ಇಂದು ನಾವು ಒಂದೇ ರೀತಿ ಬರೆಯುತ್ತೇವೆ. ಹಳಗನ್ನಡದಲ್ಲಿ ಹಾಗಲ್ಲ. ಬದುಕಿನದು 'ಬಾೞ್', ಕತ್ತಿಯದು 'ಬಾಳ್'. ಆ ೞಕಾರ ನಮ್ಮ ಬಾಯಿಂದ ಜಾರಿಹೋಗಿ ಶತಮಾನಗಳಾದವು. ತಮಿಳರ ಬಾಯಲ್ಲಿ ಇನ್ನೂ ಉಳಿದಿದೆ. ಕೇಶಿರಾಜ ಅಂಥ ಪದಗಳ ಪಟ್ಟಿಯನ್ನೇ ಕೊಟ್ಟಿದ್ದ. ಕಿಟೆಲ್ ಆ ಹಳೆಯ ಅಕ್ಷರಕ್ಕೆ ತಮ್ಮ ಪುಟಗಳಲ್ಲಿ ಮತ್ತೆ ಜಾಗ ಕೊಟ್ಟರು. ಕಳೆದುಹೋದ ಅಕ್ಷರದ ಮೇಲೆ ಪರನಾಡಿನವನಿಗೆ ಇಷ್ಟು ಕಾಳಜಿ ಏಕೆ ಎಂದು ನಾವು ಎಷ್ಟೋ ಸಲ ಬೆರಗಾಗಿದ್ದೇವೆ.

1877ರಲ್ಲಿ ಜರ್ಮನಿಗೆ ಹಿಂತಿರುಗಿದರು. ಅಲ್ಲೇ ಕುಳಿತು ಬರೆದು ಮುಗಿಸಬಹುದೆಂದು ಯಾರಿಗಾದರೂ ಅನ್ನಿಸೀತು. ಆದರೆ ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಕನ್ನಡ ನಿಘಂಟು ಮುಗಿಯುವುದು ಹೇಗೆ? 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಇಲ್ಲಿಗೆ ಬಂದರು. ಒಂಬತ್ತು ವರ್ಷ ಇದ್ದರು. 1892ರಲ್ಲಿ ಕೊನೆಯ ಸಲ ಹೊರಟು ಟ್ಯೂಬಿಂಗನ್‌ನಲ್ಲಿ ನೆಲೆಸಿದರು.

1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಇಂಗ್ಲಿಷಿನವರು ನಮ್ಮ ನುಡಿಯನ್ನು ಕರ್ನಾಟಕ, ಕೆನರೀಸ್ ಎಂದೆಲ್ಲ ಕರೆಯುತ್ತಿದ್ದ ದಿನಗಳವು. ಕಿಟೆಲ್ ಇಂಗ್ಲಿಷ್ ಮುಖಪುಟದಲ್ಲೂ ಕನ್ನಡ ಎಂದೇ ಅಚ್ಚು ಮಾಡಿಸಿದರು. ಎರಡು ವರ್ಷದ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಎಪ್ಪತ್ತು ವರ್ಷಗಳಾಚೆ, ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾಲಯಕ್ಕಾಗಿ ಅದನ್ನು ಪರಿಷ್ಕರಿಸಿದಾಗ ನಾಲ್ಕು ಸಂಪುಟಗಳಾದವು.

ಗೌರವ ಬಂದ ಮೇಲೂ ಅವರು ವಿಶ್ರಾಂತಿ ಪಡೆಯಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಹಿಡಿದಿಡುವ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದರು. 1903ರಲ್ಲಿ ಅದೂ ಮಂಗಳೂರಿನಲ್ಲೇ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಿಟೆಲ್ ಟ್ಯೂಬಿಂಗನ್‌ನಲ್ಲಿ ಕಣ್ಮುಚ್ಚಿದರು. ಅವರಿಗೆ ಆಗ ಎಪ್ಪತ್ತೊಂದು.