ಉದ್ಯಮಿಯ ಋಣ: ಜಮಶೇಟಜಿ ಟಾಟಾ ಅವರ ಜೀವನ

ಗಿರಣಿಯ ಭೋಂಗಾ ಎಂದರೇನೆಂದು ಸೊಲ್ಲಾಪುರದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಅದರ ಕೂಗಿಗೆ ಎದ್ದು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಪಾಳಿಗೆ ನಡೆದ ಹಿರಿಯರು ನಮ್ಮ ಅನೇಕ ಮನೆತನಗಳಲ್ಲಿ ಆಗಿಹೋಗಿದ್ದಾರೆ. ಗಿರಣಿಗಳು ಊರಿಗೆ ಅನ್ನವನ್ನಿತ್ತವು. ಅವು ಮುಚ್ಚಿದಾಗ ಆ ಅನ್ನವು ಎಷ್ಟು ಅಸ್ಥಿರವೆಂಬುದನ್ನೂ ನಾವು ಕಂಡೆವು. ಕಾರಖಾನೆಯ ಒಡೆಯನು ಕೆಲಸಗಾರರಿಗೂ ಸಮಾಜಕ್ಕೂ ಏನನ್ನು ಸಲ್ಲಿಸಬೇಕೆಂಬ ಪ್ರಶ್ನೆಯು ಆದುದರಿಂದ ನಮಗೆ ಕೇವಲ ಪುಸ್ತಕದ ಪ್ರಶ್ನೆಯಲ್ಲ. ಕಾನೂನು ಹುಟ್ಟುವುದಕ್ಕೆ ಬಹು ಮುಂಚೆಯೇ ಅದಕ್ಕೆ ತಮ್ಮ ಬಾಳಿನಿಂದ ಉತ್ತರ ಕೊಡಲೆತ್ನಿಸಿದ ಜಮಶೇಟಜಿ ನಸರವಾನಜಿ ಟಾಟಾ ಅವರ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತೇವೆ.

ಜಮಶೇಟಜಿಯವರು 1839ನೆಯ ಇಸವಿಯ ಮಾರ್ಚ್ 3ರಂದು ಗುಜರಾತದ ನವಸಾರಿಯಲ್ಲಿ ಪಾರಸಿ ಪುರೋಹಿತರ ವಂಶದಲ್ಲಿ ಜನಿಸಿದರು. ಪೌರೋಹಿತ್ಯವನ್ನು ಬಿಟ್ಟು ಮೊದಲು ವ್ಯಾಪಾರಕ್ಕಿಳಿದವರು ಅವರ ತಂದೆ ನಸರವಾನಜಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಮಗನು 1859ರಲ್ಲಿ ತಂದೆಯ ವ್ಯಾಪಾರಕ್ಕಾಗಿ ಹಾಂಗ್‌ಕಾಂಗಿಗೆ ತೆರಳಿದನು. ಆ ಕಾಲದ ಚೀನದ ವ್ಯಾಪಾರದಲ್ಲಿ ಅರಳೆಯೊಡನೆ ಅಫೀಮೂ ಇದ್ದಿತೆಂಬುದನ್ನು ಇಲ್ಲಿ ಮುಚ್ಚಿಡಲಾಗದು. ಮಹನೀಯರ ಚರಿತ್ರೆಯಲ್ಲಿಯೂ ನೆರಳಿನ ಭಾಗವನ್ನು ಅಳಿಸಿ ಬರೆಯುವುದು ನ್ಯಾಯವಲ್ಲ.

ಅಮೇರಿಕೆಯ ಅಂತರ್ಯುದ್ಧವು 1865ರಲ್ಲಿ ಮುಗಿಯಲು ಅರಳೆಯ ಬೆಲೆಯು ಒಮ್ಮೆಲೆ ಕುಸಿಯಿತು. ಆಗ ಲಂಡನ್ನಿನಲ್ಲಿದ್ದ ತರುಣ ಜಮಶೇಟಜಿಯವರ ಕೈಯಲ್ಲಿದ್ದ ಹುಂಡಿಗಳು ಬೆಲೆಯಿಲ್ಲದ ಕಾಗದಗಳಾದವು. ಅವರು ಸಾಲಗಾರರಿಂದ ತಲೆತಪ್ಪಿಸಿಕೊಳ್ಳಲಿಲ್ಲ. ಇದ್ದ ಸ್ಥಿತಿಯನ್ನು ಅವರ ಮುಂದೆ ಬಿಚ್ಚಿಟ್ಟರು. ಆ ಪ್ರಾಮಾಣಿಕತೆಗೆ ಮೆಚ್ಚಿದ ಸಾಲ ಕೊಟ್ಟವರು, ಲೆಕ್ಕವನ್ನು ತೀರಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿ ಸಂಬಳವನ್ನೂ ಗೊತ್ತುಮಾಡಿದರು. ಕೈಯ ಹಣ ಹೋದರೂ ಮಾತಿನ ಬೆಲೆ ಉಳಿಯಿತು. 1868ರಲ್ಲಿ ಕೇವಲ 21,000 ರೂಪಾಯಿಗಳ ಬಂಡವಲದಿಂದ ಅವರು ತಮ್ಮದೇ ವ್ಯಾಪಾರವನ್ನು ತೆರೆದರು.

ಅರಳೆ ಬೆಳೆಯುವ ಸೀಮೆಯಲ್ಲಿಯೇ ಗಿರಣಿಯಿರಬೇಕೆಂಬ ವಿಚಾರದಿಂದ, ಜಮಶೇಟಜಿಯವರು ಮುಂಬಯಿಯನ್ನು ಬಿಟ್ಟು ನಾಗಪುರವನ್ನು ಆರಿಸಿದರು. ಅಲ್ಲಿ 1877ರ ಜನವರಿ 1ರಂದು ಎಂಪ್ರೆಸ್ ಗಿರಣಿಯು ಆರಂಭವಾಯಿತು. ಕೆಲಸಗಾರರು ಪದೇ ಪದೇ ಕೆಲಸ ತಪ್ಪಿಸುತ್ತಿದ್ದುದನ್ನು ಕಂಡು, ಅವರು ಗಿರಣಿಯಲ್ಲಿ ನಿಲ್ಲುವಂತಾಗಲು ಏನು ಬೇಕೆಂಬುದನ್ನು ಒಡೆಯರು ಆಲೋಚಿಸಿದರು. ಒಳಗಿನ ಗಾಳಿಯನ್ನು ತೇವವಾಗಿಡುವ ಯಂತ್ರಗಳೂ ಬೆಂಕಿಯನ್ನು ನಂದಿಸುವ ನೀರಿನ ಕೊಳವೆಗಳೂ ಬಂದವು. 1886ರಲ್ಲಿ ನಿವೃತ್ತಿ ವೇತನದ ನಿಧಿಯು ಸ್ಥಾಪಿತವಾಯಿತು. 1895ರಿಂದ ಅಪಘಾತಕ್ಕೆ ಪರಿಹಾರವನ್ನು ಕೊಡಲಾರಂಭಿಸಿದರು. ನಮ್ಮ ದೇಶದಲ್ಲಿ ಅಪಘಾತ ಪರಿಹಾರದ ಕಾನೂನಾದುದು 1923ರಲ್ಲಿ; ಭವಿಷ್ಯನಿಧಿಯ ಕಾನೂನಾದುದು 1952ರಲ್ಲಿ. ಯಂತ್ರಕ್ಕೆ ಬೆರಳನ್ನು ಕೊಟ್ಟು ಬರಿಗೈಯಲ್ಲಿ ಮನೆಗೆ ಮರಳಿದವರನ್ನು ಕಂಡ ಊರಿನವರಿಗೆ ಈ ವರ್ಷಗಳ ಅಂತರದ ಅರ್ಥವು ತಾನಾಗಿಯೇ ತಿಳಿದೀತು.

ದಾನವೆಂದರೆ ಹಸಿದವನಿಗೆ ಒಂದು ಹೊತ್ತಿನ ಊಟವಿಕ್ಕುವುದು ಮಾತ್ರವಲ್ಲ, ಸಮರ್ಥನನ್ನು ಮುಂದಕ್ಕೆ ತರುವುದೂ ಹೌದೆಂಬುದು ಜಮಶೇಟಜಿಯವರ ನಂಬಿಕೆ. 1892ರಲ್ಲಿ ಅವರು ಸ್ಥಾಪಿಸಿದ ನಿಧಿಯು ತರುಣರಿಗೆ ವಿದೇಶದಲ್ಲಿ ಓದಲು ಹಣವನ್ನು ಸಾಲವಾಗಿ ಕೊಡುತ್ತಿತ್ತು. ಮರಳಿ ಬಂದ ಹಣವು ಮತ್ತೊಬ್ಬನಿಗೆ ಸಲ್ಲುತ್ತಿತ್ತು. ಮುಂದೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರೂ ಟಾಟಾ ವಿದ್ಯಾರ್ಥಿವೇತನದಿಂದಲೇ ಲಂಡನ್ನಿನಲ್ಲಿ ಓದಿದರು.

ಕನ್ನಡನಾಡಿಗೆ ಅವರ ಋಣವು ಇನ್ನೂ ದೊಡ್ಡದು. ವಿಜ್ಞಾನದ ಸಂಶೋಧನೆಗೆ ಭಾರತದಲ್ಲಿಯೇ ಒಂದು ವಿದ್ಯಾಪೀಠವಿರಬೇಕೆಂದು, ಸುಮಾರು 30 ಲಕ್ಷ ರೂಪಾಯಿಗಳ ತಮ್ಮ ಆಸ್ತಿಯನ್ನು ಅವರು ಮೀಸಲಿಟ್ಟರು. ಸರಕಾರವು ಅನುಮಾನಿಸುತ್ತ ವರ್ಷಗಳನ್ನು ಕಳೆಯಿತು. ಮೈಸೂರು ಸಂಸ್ಥಾನವು ಮಾತ್ರ ದಿವಾನ್ ಶೇಷಾದ್ರಿ ಅಯ್ಯರರ ಕಾಲದಿಂದಲೇ ಈ ಯೋಜನೆಗೆ ಬೆಂಬಲವಿತ್ತು, ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಗಿ, 1911ರಲ್ಲಿ ಪಾಠಗಳು ಆರಂಭವಾದಾಗ, ಅದನ್ನು ಕಾಣಲು ದಾತರು ಉಳಿದಿರಲಿಲ್ಲ. ಸಂಸ್ಥೆಯ ಹೆಸರಿನಲ್ಲಿ ಟಾಟಾ ಎಂಬ ಪದವಿಲ್ಲ. ಆದರೂ ಬೆಂಗಳೂರಿನ ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು.

ಉಕ್ಕಿನ ಕಾರಖಾನೆಯ ಕನಸೂ ಹಾಗೆಯೇ ಉಳಿಯಿತು. ಸ್ಥಳವಿನ್ನೂ ನಿಶ್ಚಯವಾಗದಿದ್ದ 1902ರಲ್ಲಿಯೇ ಅವರು ಮಗ ದೊರಾಬಜಿಗೆ ಪತ್ರ ಬರೆದು, ಕೆಲಸಗಾರರ ಊರಿನಲ್ಲಿ ಅಗಲವಾದ ಬೀದಿಗಳೂ ನೆರಳಿನ ಮರಗಳೂ ಆಟದ ಬಯಲುಗಳೂ ಎಲ್ಲ ಮತದವರ ಪೂಜಾಸ್ಥಳಗಳೂ ಇರಬೇಕೆಂದು ಸೂಚಿಸಿದ್ದರು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಅವರು ತೀರಿಕೊಂಡರು. 1907ರಲ್ಲಿ ಕಂಪನಿಯು ಹುಟ್ಟಿತು. 1912ರಲ್ಲಿ ಉಕ್ಕು ಹೊರಬಂದಿತು. ಅದೇ ವರ್ಷ ದಿನಕ್ಕೆ ಎಂಟು ಗಂಟೆಯ ದುಡಿಮೆಯೂ ಅಲ್ಲಿ ಜಾರಿಗೆ ಬಂದಿತು. ಸಾಕ್ಚಿ ಎಂಬ ಹಳ್ಳಿಯಿದ್ದಲ್ಲಿ ಬೆಳೆದ ಆ ಊರಿಗೆ 1919ರಲ್ಲಿ ಜಮಶೇಡಪುರವೆಂಬ ಹೆಸರಾಯಿತು.

ಆ ಊರಿನಲ್ಲಿಯೂ 1920ರಲ್ಲಿ ಮತ್ತು 1928ರಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಒಡೆಯನ ಸದ್ಬುದ್ಧಿಯೊಂದೇ ಸಾಲದು, ದುಡಿಯುವವನ ಹಕ್ಕೂ ಬೇಕೆಂಬುದಕ್ಕೆ ಇದು ಸಾಕ್ಷಿ. ದೊಡ್ಡ ಕಂಪನಿಗಳು ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕೆಂದು 2013ರ ಕಾನೂನು ವಿಧಿಸಿದೆ. ಅದು ಒಳ್ಳೆಯದೇ. ಆದರೆ ಉಳಿದ ತೊಂಬತ್ತೆಂಟನ್ನು ಗಳಿಸಿದ ಬಗೆ ಯಾವುದೆಂಬ ಪ್ರಶ್ನೆಯನ್ನು ಆ ಎರಡು ಅಳಿಸಲಾರದು. ಜಮಶೇಟಜಿಯವರ ನಿಧಿಯು ಗಿರಣಿಯ ಒಳಗಿನಿಂದಲೇ ಮೊದಲಾಯಿತೆಂಬುದನ್ನು ನಾವು ಮರೆಯಬಾರದು.

ಗಡಿನಾಡಿನ ನಮ್ಮ ಮಕ್ಕಳಲ್ಲಿ ನಾಳೆ ಕೆಲವರು ಅಂಗಡಿಗೆ, ಕೆಲವರು ಕಾರಖಾನೆಗೆ ಒಡೆಯರಾಗುವರು. ಒಬ್ಬನ ಕೈಕೆಳಗೆ ಇಬ್ಬರೇ ಆಳುಗಳಿದ್ದರೂ, ಅವರ ಮುಪ್ಪಿನ ಚಿಂತೆಯಲ್ಲಿ ತನ್ನದೂ ಒಂದು ಪಾಲಿದೆಯೆಂದು ಅವನು ತಿಳಿದರೆ, ಈ ಚರಿತ್ರೆಯನ್ನು ಬರೆದ ನಮ್ಮ ಶ್ರಮವು ಸಾರ್ಥಕವಾದೀತು.